ಡಬ್ಲಿನ್‌ನಲ್ಲಿ ಕಾರ್ನರ್ ರಿವರ್ಸ್ ಕಲಿಸಿದ ಟೀಚರ್: ಕೊಟ್ಟ ದುಡ್ಡಿಗೆ ಏನು ಸಿಕ್ಕಿತು

ಐರ್ಲೆಂಡಿನಲ್ಲಿ ಡ್ರೈವಿಂಗ್ ಕಲಿಯಲು ಯಾರ ಹತ್ತಿರ ಹೋಗಬೇಕು ಎಂದು ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಆಗಾಗ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಪೂರ್ತಿ ಬರೆಯುತ್ತೇನೆ. ನಾನು ಇಬ್ಬರ ಹತ್ತಿರ ಕಲಿತೆ. ಮೊದಲನೆಯವರನ್ನು ಅರ್ಧಕ್ಕೇ ಬಿಟ್ಟೆ. ಎರಡನೆಯವರು ಕಲಿಸಿದ್ದು ಟೆಸ್ಟ್ ಮುಗಿದ ಮೇಲೂ ದಿನಾ ಕೆಲಸಕ್ಕೆ ಬರುತ್ತಿದೆ. ಇಬ್ಬರ ಪಾಠದ ವ್ಯತ್ಯಾಸ ಚೆನ್ನಾಗಿ ಕಂಡಿದ್ದು ಒಂದೇ ವಿಷಯದಲ್ಲಿ: ಕಾರ್ನರ್ ರಿವರ್ಸ್, ಅಂದರೆ ಕಾರನ್ನು ಹಿಂದಕ್ಕೆ ಓಡಿಸುತ್ತಾ ಮೂಲೆ ತಿರುಗಿ ಅಡ್ಡರಸ್ತೆಯೊಳಗೆ ಹೋಗುವುದು.

ಹೆಸರು ಹಾಕುತ್ತಿಲ್ಲ. ಅವರು ಒಂದೇ ಕಾರಿಟ್ಟುಕೊಂಡು ಒಬ್ಬರೇ ಕಲಿಸುವವರು. ಈಗಾಗಲೇ ಕಾಯುತ್ತಿರುವವರು ತುಂಬ ಜನ ಇದ್ದಾರೆ, ದಯವಿಟ್ಟು ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡರು. ಹಾಗಾಗಿ ಟೀಚರ್ ಎಂದೇ ಕರೆಯುತ್ತೇನೆ. ಅವರ ಪಾಠ ಹೇಗಿತ್ತು ಎಂದು ಗೊತ್ತಾದರೆ ಅಂಥವರೇ ಇನ್ನೊಬ್ಬರನ್ನು ನೀವು ಹುಡುಕಿಕೊಳ್ಳಬಹುದು.

ನನ್ನ ಊರು ಅರಸೀಕೆರೆ ಹತ್ತಿರ. ಡಬ್ಲಿನ್‌ನ ಪಶ್ಚಿಮಕ್ಕೆ, ಕ್ಲೊಂಡಾಲ್ಕಿನ್‌ನಲ್ಲಿ ಮನೆ. ಊರಾಚೆಯ ಒಂದು ವೃದ್ಧರ ನರ್ಸಿಂಗ್ ಹೋಮ್‌ನಲ್ಲಿ ನರ್ಸ್ ಕೆಲಸ. ಬೆಳಗಿನ ಪಾಳಿ ಏಳೂವರೆಗೆ ಶುರು. ಭಾನುವಾರ ಅಷ್ಟು ಹೊತ್ತಿಗೆ ಅಲ್ಲಿಗೆ ತಲುಪಿಸುವ ಬಸ್ ಇಲ್ಲ. ಜೊತೆಯವರ ಕಾರಿಗೆ ಎಷ್ಟು ದಿನ ಅಂತ ಕಾಯುವುದು, ಅಲ್ವಾ? ಕರ್ನಾಟಕದ ಲೈಸೆನ್ಸ್ ನನ್ನ ಹತ್ತಿರ ಇತ್ತು. ಆದರೆ ಅದನ್ನು ಇಲ್ಲಿ ಬದಲಾಯಿಸಿಕೊಡುವುದಿಲ್ಲ. ಜಪಾನ್, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಲೈಸೆನ್ಸ್ ಇದ್ದವರು ಅದನ್ನು ಕೊಟ್ಟು ಐರಿಶ್ ಲೈಸೆನ್ಸ್ ತಗೋಬಹುದು. ಭಾರತದೊಂದಿಗೆ ಅಂಥ ಒಪ್ಪಂದ ಇಲ್ಲ. ಹಾಗಾಗಿ ನಾವು ಥಿಯರಿ ಟೆಸ್ಟ್‌ನಿಂದಲೇ ಶುರು ಮಾಡಬೇಕು. 40 ಪ್ರಶ್ನೆ, ಅದರಲ್ಲಿ 35 ಸರಿ ಇರಬೇಕು. ಆಮೇಲೆ ಲರ್ನರ್ ಪರ್ಮಿಟ್, ಕಾರಿಗೆ ಎಲ್ ಬೋರ್ಡ್, ಪಕ್ಕದಲ್ಲಿ ಕನಿಷ್ಠ ಎರಡು ವರ್ಷದಿಂದ ಪೂರ್ತಿ ಲೈಸೆನ್ಸ್ ಇರುವವರು.

ಅದಾದ ಮೇಲೆ ಇಡಿಟಿ ಎಂಬ ಕಡ್ಡಾಯ ಪಾಠಗಳು. 2011ರಿಂದ ಇದೆ. ಒಟ್ಟು 12 ಪಾಠ, ಒಂದೊಂದು ಒಂದು ಗಂಟೆ. ಬೇರೆ ದೇಶದ ಲೈಸೆನ್ಸ್ ಇದ್ದವರು ಅರ್ಜಿ ಹಾಕಿ 12ರ ಬದಲು 6 ಮಾಡಿಸಿಕೊಳ್ಳಲು ಅವಕಾಶ ಇದೆ. ಇಲ್ಲಿ ಒಂದು ವಿಷಯ ಗಮನಿಸಿ. ಈ 12 ಪಾಠಗಳ ಪಟ್ಟಿಯಲ್ಲಿ ರಸ್ತೆಯಲ್ಲಿ ನಿಮ್ಮ ಜಾಗ, ದಿಕ್ಕು ಬದಲಿಸುವುದು, ವೇಗ, ರಾತ್ರಿ ಓಡಿಸುವುದು, ಹೀಗೆ ಎಲ್ಲ ಇದೆ. ರಿವರ್ಸ್ ಎಂಬ ಹೆಸರಿನ ಪಾಠ ಮಾತ್ರ ಇಲ್ಲ. ಟೆಸ್ಟ್‌ನಲ್ಲಿ ಇದೆ. ಹಾಗಾಗಿ ಅದನ್ನು ಎಷ್ಟು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದು ಬಹುಮಟ್ಟಿಗೆ ಕಲಿಸುವವರ ಮೇಲೆ ನಿಂತಿದೆ. ಯಾರಿಗೆ ದುಡ್ಡು ಕೊಡುತ್ತೀರಿ ಎಂಬುದು ಅದಕ್ಕೇ ಮುಖ್ಯ.

ಟೆಸ್ಟ್‌ನಲ್ಲಿ ಕಾರ್ನರ್ ರಿವರ್ಸ್ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಟೆಸ್ಟರ್ ಎಡಗಡೆಯ ಒಂದು ಅಡ್ಡರಸ್ತೆ ತೋರಿಸುತ್ತಾರೆ. ನೀವು ಅದನ್ನು ದಾಟಿ ಮುಂದೆ ಹೋಗಿ ಎಡಕ್ಕೆ ನಿಲ್ಲಿಸಬೇಕು. ಅಲ್ಲಿಂದ ರಿವರ್ಸ್‌ನಲ್ಲಿ ಬಂದು, ಮೂಲೆ ತಿರುಗಿ, ಆ ಅಡ್ಡರಸ್ತೆಯೊಳಗೆ ಹೋಗಬೇಕು. ಫುಟ್‌ಪಾತ್ ಅಂಚು ತಾಗಬಾರದು, ಅದರಿಂದ ತೀರಾ ದೂರವೂ ಹೋಗಬಾರದು. ತಿರುಗಿದ ಮೇಲೆ ಇನ್ನೂ ಸ್ವಲ್ಪ ದೂರ ನೇರ ಹಿಂದಕ್ಕೆ ಹೋಗಿ ನಿಲ್ಲಿಸಬೇಕು. ಅಷ್ಟೇ.

ಇಂಗ್ಲೆಂಡಿನಲ್ಲಿರುವ ನನ್ನ ದೊಡ್ಡಮ್ಮನ ಮಗಳು ಇದನ್ನು ಕಲಿಯಲೇ ಇಲ್ಲ. ಅಲ್ಲಿ 2017ರ ಡಿಸೆಂಬರ್ 4ರಂದು ಟೆಸ್ಟ್‌ನಿಂದ ಇದನ್ನು ತೆಗೆದರು. ಬದಲಿಗೆ ಪಾರ್ಕಿಂಗ್ ಜಾಗಕ್ಕೆ ಮುಂದಾಗಿ ಹೋಗಿ ರಿವರ್ಸ್‌ನಲ್ಲಿ ಹೊರಬರುವುದು, ರಸ್ತೆಯ ಬಲಬದಿಗೆ ನಿಲ್ಲಿಸಿ ಎರಡು ಕಾರಿನಷ್ಟು ಹಿಂದಕ್ಕೆ ಹೋಗುವುದು, ಇವು ಬಂದವು. ಐರ್ಲೆಂಡಿನಲ್ಲಿ ಕಾರ್ನರ್ ರಿವರ್ಸ್ ಉಳಿದಿದೆ. ಯೂಟ್ಯೂಬ್‌ನಲ್ಲಿ ಇಂಗ್ಲೆಂಡಿನ ವಿಡಿಯೋ ನೋಡಿ ತಯಾರಾಗುವವರು ಇದನ್ನು ನೆನಪಿಡಿ. ಹೊಸ ವಿಡಿಯೋಗಳಲ್ಲಿ ಈ ಭಾಗ ಸಿಗುವುದಿಲ್ಲ. ಹಳೆಯವುಗಳಲ್ಲಿ ಇದೆ, ಅವು ಈಗಲೂ ಉಪಯೋಗಕ್ಕೆ ಬರುತ್ತವೆ.

ನಮ್ಮ ಕಾನೂನಿನಲ್ಲೂ ಇಂಥದ್ದು ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೇ ನಿಯಮ ನೋಡಿ. ಬಲಕ್ಕೋ ಎಡಕ್ಕೋ ಇರುವ ಕಿರಿದಾದ ಜಾಗಕ್ಕೆ ಹಿಡಿತ ತಪ್ಪದಂತೆ ರಿವರ್ಸ್‌ನಲ್ಲಿ ಹೋಗಬೇಕು ಎಂದಿದೆ. ಊರಿನಲ್ಲಿ ನಾನು ಇದನ್ನು ಮೈದಾನದಲ್ಲಿ, ನೆಟ್ಟ ಕಂಬಗಳ ನಡುವೆ ಮಾಡಿದ್ದೆ. ಕಂಬ ಎದ್ದು ಓಡಾಡುವುದಿಲ್ಲ. ಇಲ್ಲಿ ಟೆಸ್ಟ್ ನಡೆಯುವುದು ಜನ ವಾಸಿಸುವ ಬೀದಿಯಲ್ಲಿ. ಸೈಕಲ್ ಮಕ್ಕಳು, ನಾಯಿ ಹಿಡಿದುಕೊಂಡ ಅಜ್ಜ, ಮನೆಯಿಂದ ರಿವರ್ಸ್‌ನಲ್ಲೇ ಹೊರಬರುವ ಇನ್ನೊಂದು ಕಾರು, ಎಲ್ಲ ಇರುತ್ತದೆ.

ಮೊದಲನೆಯ ಬೋಧಕರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಾಠಗಳ ದುಡ್ಡು ಒಟ್ಟಿಗೆ ಮುಂಚೆಯೇ ತಗೊಂಡರು. ಕಾರಿನ ಹಿಂದಿನ ಗಾಜಿನ ಮೇಲೆ ಒಂದು ಸ್ಟಿಕ್ಕರ್ ಇತ್ತು. ಫುಟ್‌ಪಾತ್ ಅಂಚು ಆ ಸ್ಟಿಕ್ಕರ್‌ಗೆ ಬಂದಾಗ ಸ್ಟಿಯರಿಂಗ್ ಒಂದು ಪೂರ್ತಿ ಸುತ್ತು ಎಡಕ್ಕೆ. ಎದುರಿನ ಮನೆಯ ಗೇಟು ಮುಂದಿನ ಗಾಜಿನ ನಡುವೆ ಬಂದಾಗ ಒಂದು ಸುತ್ತು ವಾಪಸ್. ಪ್ರತಿಸಲ ಅದೇ ಬೀದಿ, ಅದೇ ಮೂಲೆ, ಅದೇ ಗೇಟು. ಕಾರು ಪ್ರತಿಸಲ ಸರಿಯಾಗಿಯೇ ಹೋಗುತ್ತಿತ್ತು. ನಾನು ಹಿಂದೆ ತಿರುಗಿ ನೋಡುತ್ತಿದ್ದುದು ಸ್ಟಿಕ್ಕರನ್ನು, ರಸ್ತೆಯನ್ನಲ್ಲ. ಬೇರೆ ಮೂಲೆಯಲ್ಲಿ ಮಾಡೋಣ ಎಂದು ಕೇಳಿದೆ. ಇದೇ ಸಾಕು, ಟೆಸ್ಟ್‌ಗೆ ಇಷ್ಟೇ ಬೇಕಾಗುವುದು ಎಂದರು. ಮನೆಯಲ್ಲಿ ನಮ್ಮದು ಸ್ಕೋಡಾ ಆಕ್ಟೇವಿಯಾ. ಕಲಿಯುವ ಪುಟ್ಟ ಕಾರಿಗಿಂತ ಎಷ್ಟೋ ಉದ್ದ. ಅದರ ಗಾಜಿನಲ್ಲಿ ಅಂಚು ಕಾಣುವ ಜಾಗವೇ ಬೇರೆ. ಅಲ್ಲಿ ಸ್ಟಿಕ್ಕರ್ ಲೆಕ್ಕ ಯಾವುದಕ್ಕೂ ಬರಲಿಲ್ಲ. ಪಾಠದ ನಡುವೆ ಫೋನ್ ಬಂದರೆ ಮಾತಾಡುತ್ತಲೇ ಇರುತ್ತಿದ್ದರು, ನಾನು ಗಂಟೆಗೆ ದುಡ್ಡು ಕೊಟ್ಟಿದ್ದೆ. ಉಳಿದ ಪಾಠಗಳ ದುಡ್ಡು ವಾಪಸ್ ಬರಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ಎರಡನೆಯವರು ಅರವತ್ತರ ಹತ್ತಿರದ ಐರಿಶ್ ಹೆಂಗಸು. ಜೊತೆಯ ನರ್ಸ್ ಒಬ್ಬಳು ನಂಬರ್ ಕೊಟ್ಟಳು. ಟೊಯೊಟಾ ಯಾರಿಸ್ ಕಾರು, ಅವರ ಕಡೆಗೂ ಕ್ಲಚ್ ಬ್ರೇಕ್ ಇದೆ. ಗಂಟೆಗೆ 50 ಯೂರೋ. ಪ್ರತಿ ಪಾಠ ಮುಗಿದ ಮೇಲೆ ಆ ಪಾಠದ್ದು ಮಾತ್ರ ಕೊಡುವುದು. ಮುಂಗಡ ಕೇಳುವುದಿಲ್ಲ.

ಕಾರ್ನರ್ ರಿವರ್ಸ್ ಕಲಿಸಬೇಕು ಎಂದ ದಿನ ಅವರು ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಲೇ ಇಲ್ಲ. ಒಂದು ಮೂಲೆಯ ಹತ್ತಿರ ಕಾರು ನಿಲ್ಲಿಸಿ, ನನ್ನನ್ನು ಇಳಿಸಿ, ಫುಟ್‌ಪಾತ್ ಮೇಲೆ ನಿಲ್ಲಿ ಎಂದರು. ಅವರೇ ಕಾರನ್ನು ಮೂಲೆ ಸುತ್ತ ನಿಧಾನಕ್ಕೆ ಹಿಂದಕ್ಕೆ ತಗೊಂಡು ಹೋದರು. ಮೊದಲ ಸಲ ಹಿಂದಿನ ಎಡ ಚಕ್ರವನ್ನು ಮಾತ್ರ ನೋಡಿ ಎಂದರು. ಆ ಚಕ್ರ ಮೂಲೆಯ ಅಂಚಿಗೆ ಹತ್ತಿರವಾಗಿ, ಅದರ ಬಾಗನ್ನೇ ಹಿಡಿದುಕೊಂಡು ಹೋಗುತ್ತಿತ್ತು. ಎರಡನೆಯ ಸಲ ಮುಂದಿನ ಬಲ ತುದಿ ನೋಡಿ ಎಂದರು. ಅದು ಹೊರಕ್ಕೆ, ರಸ್ತೆಯ ನಡುವಿನ ಕಡೆಗೆ ಅಗಲವಾಗಿ ಬೀಸಿಕೊಂಡು ಹೋಯಿತು. ನೋಡಿದ ತಕ್ಷಣ ನನಗೆ ವಾರ್ಡ್ ನೆನಪಾಯಿತು. ಚಕ್ರದ ಮಂಚವನ್ನು ಎಳೆದುಕೊಂಡು ಕಾರಿಡಾರಿನ ಮೂಲೆ ತಿರುಗುವಾಗ ನಾವು ಹಿಡಿದ ತುದಿ ಒಳಗೇ ತಿರುಗುತ್ತದೆ, ಆಚೆ ತುದಿ ಹೋಗಿ ಎದುರಿನ ಗೋಡೆಗೆ ಬಡಿಯುತ್ತದೆ. ಹೊಸಬರಿಗೆ ನಾವು ಮೊದಲು ಹೇಳುವುದೇ ಆ ಆಚೆ ತುದಿ ನೋಡು ಅಂತ. ಇದನ್ನು ಟೀಚರ್‌ಗೆ ಹೇಳಿದೆ. ಅವರು ಖುಷಿಯಿಂದ, ಹಾಗಾದರೆ ಅರ್ಧ ಪಾಠ ನಿಮಗೆ ಬರುತ್ತದೆ ಎಂದರು.

ಹೊರಗೆ ನಿಂತು ನೋಡಿದ ಆ ಸ್ವಲ್ಪ ಹೊತ್ತು ಸ್ಟಿಕ್ಕರ್ ಪಾಠಗಳೆಲ್ಲ ಸೇರಿದ್ದಕ್ಕಿಂತ ಜಾಸ್ತಿ ಕಲಿಸಿತು. ಕಾರಿನ ಒಳಗೆ ಕೂತವರಿಗೆ ಚಕ್ರ ಎಲ್ಲಿದೆ ಎಂದು ಕಾಣುವುದಿಲ್ಲ. ಕಾಣದ್ದನ್ನು ಊಹಿಸಲು ಒಮ್ಮೆಯಾದರೂ ಕಣ್ಣಾರೆ ನೋಡಿರಬೇಕು. ಇಷ್ಟು ಸರಳ ವಿಷಯವನ್ನು ಎಲ್ಲ ಬೋಧಕರೂ ಯಾಕೆ ಮಾಡುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಆಮೇಲೆ ನನ್ನ ಸರದಿ. ಅವರು ಹೇಳಿಕೊಟ್ಟ ಕ್ರಮ ಹೀಗೆ. ಅಡ್ಡರಸ್ತೆ ದಾಟುವಾಗಲೇ ಅದರೊಳಗೆ ಒಮ್ಮೆ ನೋಡಿಬಿಡಬೇಕು. ಗುಂಡಿ ಇದೆಯಾ, ಬಾಯಿಗೇ ಯಾರಾದರೂ ಕಾರು ನಿಲ್ಲಿಸಿದ್ದಾರಾ, ಮಕ್ಕಳು ಆಡುತ್ತಿದ್ದಾರಾ. ಮೂಲೆಯಿಂದ ಎರಡು ಕಾರಿನಷ್ಟು ಮುಂದೆ ಹೋಗಿ, ಫುಟ್‌ಪಾತ್ ಅಂಚಿನಿಂದ ಸುಮಾರು ಅರ್ಧ ಮೀಟರ್ ಬಿಟ್ಟು ನೇರವಾಗಿ ನಿಲ್ಲಿಸಬೇಕು. ಕಾರು ಓರೆ ನಿಂತರೆ ಅಲ್ಲಿಂದ ಮುಂದಿನದೆಲ್ಲ ಓರೆ. ರಿವರ್ಸ್ ಗೇರ್ ಹಾಕಿ, ಸುತ್ತ ಪೂರ್ತಿ ನೋಡಿ. ಮುಂದೆ, ಬಲ ಮಿರರ್, ಬಲ ಭುಜದಾಚೆ, ಎಡ ಮಿರರ್, ಕೊನೆಗೆ ಎಡ ಭುಜದ ಮೇಲಿಂದ ಹಿಂದಿನ ಗಾಜು. ಕಾರು ಹೊರಡಬೇಕಾದದ್ದು ಕಣ್ಣು ಆ ಹಿಂದಿನ ಗಾಜಿನಲ್ಲಿ ಇರುವಾಗ. ಇಲ್ಲೂ ನಮ್ಮಂತೆಯೇ ರಸ್ತೆಯ ಎಡಬದಿ, ಸ್ಟಿಯರಿಂಗ್ ಬಲಕ್ಕೆ. ಅಂದರೆ ಮೂಲೆ ನಮಗಿಂತ ದೂರದ ಬದಿಯಲ್ಲಿದೆ. ಕತ್ತು ತಿರುಗಿಸಿದರೆ ಸಾಲದು, ಸೊಂಟದಿಂದ ತಿರುಗಬೇಕು.

ಎಕ್ಸಲರೇಟರ್ ಬೇಕಾಗುವುದೇ ಕಡಿಮೆ. ಸಮತಟ್ಟಾದ ರಸ್ತೆಯಲ್ಲಿ ಹಾಫ್ ಕ್ಲಚ್‌ನಲ್ಲೇ ಕಾರು ತೆವಳುತ್ತದೆ. ಏರು ಇದ್ದರೆ ಸ್ವಲ್ಪ ಕೊಡಬೇಕು, ಇಳಿಜಾರಿದ್ದರೆ ಬ್ರೇಕಿನಲ್ಲೇ ಬಿಡಬೇಕು. ಹಿಂದಿನ ಚಕ್ರ ಮೂಲೆಯ ಬಾಗು ಶುರುವಾಗುವ ಜಾಗಕ್ಕೆ ಬಂದಾಗ ಒಂದು ಕ್ಷಣ ನಿಲ್ಲಿಸಿ ಮತ್ತೆ ಸುತ್ತ ನೋಡಬೇಕು. ಈಗ ಮುಖ್ಯವಾಗಿ ಬಲಕ್ಕೆ. ಯಾಕೆಂದರೆ ಇನ್ನು ಮುಂದಿನ ತುದಿ ಹೊರಕ್ಕೆ ಬೀಸುತ್ತದೆ, ಪಕ್ಕದಲ್ಲಿ ಸೈಕಲ್ ಬಂದಿದ್ದರೆ ತಾಗುವುದು ಅಲ್ಲೇ. ಆಮೇಲೆ ಎಡಕ್ಕೆ ತಿರುಗಿಸುವುದು. ಎಷ್ಟು ಎಂದರೆ ಆ ಮೂಲೆ ಎಷ್ಟು ಬಾಗಿದೆಯೋ ಅಷ್ಟು. ಅಗಲವಾದ ಬಾಗಿಗೆ ಸ್ವಲ್ಪ, ಕಡಿದಾದ ಮೂಲೆಗೆ ಜಾಸ್ತಿ. ಎಡ ಮಿರರ್‌ನಲ್ಲಿ ಅಂಚು ಮತ್ತು ಕಾರಿನ ಮೈ ನಡುವೆ ಇರುವ ಜಾಗ ಕಿರಿದಾಗುತ್ತಿದೆಯಾ, ಅಗಲವಾಗುತ್ತಿದೆಯಾ ನೋಡುತ್ತಿರಬೇಕು. ಕಿರಿದಾದರೆ ಸ್ಟಿಯರಿಂಗ್ ಸ್ವಲ್ಪ ಬಲಕ್ಕೆ, ಅಗಲವಾದರೆ ಸ್ವಲ್ಪ ಎಡಕ್ಕೆ. ಯಾವ ಕಡೆ ತಿರುಗಿಸುತ್ತೀರೋ ಕಾರಿನ ಹಿಂಭಾಗ ಆ ಕಡೆಗೇ ಹೋಗುತ್ತದೆ. ರಿವರ್ಸ್‌ನಲ್ಲಿ ಎಲ್ಲ ಉಲ್ಟಾ ಎಂದು ಊರಿನಲ್ಲಿ ಹೇಳುತ್ತಾರಲ್ಲ, ಅದನ್ನು ತಲೆಯಿಂದ ತೆಗೆದುಹಾಕಿ ಎಂದು ಟೀಚರ್ ಮೊದಲೇ ಹೇಳಿದರು. ಹಿಂದಕ್ಕೆ ನೋಡುತ್ತಾ ಕೂತರೆ ಉಲ್ಟಾ ಏನೂ ಇಲ್ಲ.

ಇದೆಲ್ಲ ಯಾವ ಬೋಧಕರ ಹತ್ತಿರವೂ ಸಿಗಬಹುದು. ಇವರು ಬೇರೆ ಎನಿಸಿದ್ದು ಮುಂದಿನ ಎರಡು ವಿಷಯಗಳಲ್ಲಿ.

ಒಂದು, ಒಂದೇ ಮೂಲೆಯಲ್ಲಿ ನಿಲ್ಲಲಿಲ್ಲ. ಕ್ಲೊಂಡಾಲ್ಕಿನ್, ಲೂಕನ್, ಟಾಲಾ, ಈ ಕಡೆಯ ಬಡಾವಣೆಗಳ ಒಂದೊಂದು ಮೂಲೆಯೂ ಅವರಿಗೆ ಗೊತ್ತು. ಒಂದು ಕಡೆ ಅಗಲವಾದ ಬಾಗು. ಒಂದು ಕಡೆ ಕಡಿದಾದ ಮೂಲೆ, ಮೇಲೆ ಏರು. ಇನ್ನೊಂದು ಕಡೆ ಅಂಚೇ ತಗ್ಗಿಸಿದ್ದು, ಗಾಲಿಕುರ್ಚಿ ಇಳಿಯಲಿ ಅಂತ. ಅಲ್ಲಿ ಅಂಚು ಮಿರರ್‌ನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಕಸದ ಗಾಡಿ ಬರುವ ದಿನ ಬೇಕೆಂದೇ ಕರೆದುಕೊಂಡು ಹೋದರು. ಅವತ್ತು ಮನೆ ಮುಂದೆಲ್ಲ ಕಪ್ಪು, ಹಸಿರು, ಕಂದು ಡಬ್ಬಿಗಳು ಸಾಲಾಗಿ ನಿಂತಿರುತ್ತವೆ, ಗಾಳಿಗೆ ಒಂದೆರಡು ರಸ್ತೆಗೇ ಉರುಳಿರುತ್ತವೆ. ಮಳೆಯಲ್ಲೂ ಮಾಡಿಸಿದರು. ಹಿಂದಿನ ಗಾಜಿನ ಮೇಲೆ ಹನಿ ತುಂಬಿ ಏನೂ ಕಾಣದಿದ್ದಾಗ ಹಿಂದಿನ ವೈಪರ್, ಗಾಜು ಬಿಸಿಮಾಡುವ ಬಟನ್ ಎಲ್ಲಿದೆ ಎಂದು ಹುಡುಕಬಾರದು, ಕೈಗೆ ತಾನಾಗಿ ಸಿಗಬೇಕು. ಈ ಬಟನ್‌ಗಳನ್ನು ಟೆಸ್ಟ್ ಶುರುವಿನಲ್ಲಿ ಟೆಸ್ಟರ್ ಕೇಳುವುದೂ ಇದೆ. ಕೊನೆಗೆ ನಮ್ಮ ಮನೆಯ ಆಕ್ಟೇವಿಯಾದಲ್ಲೂ ಒಂದು ಪಾಠ ಮಾಡಿದರು. ಅದರ ರಿವರ್ಸ್ ಕ್ಯಾಮೆರಾ ಪರದೆಯ ಮೇಲೆ ತಮ್ಮ ಕೈಗವಸು ಹೊದಿಸಿದರು. ಕ್ಯಾಮೆರಾ ಹಿಂದಿರುವುದನ್ನು ತೋರಿಸುತ್ತದೆ, ಬಲದಿಂದ ಬರುತ್ತಿರುವ ಸೈಕಲ್ ತೋರಿಸುವುದಿಲ್ಲ ಎಂದರು. ಉದ್ದ ಕಾರು, ಬೇರೆ ಗಾಜು, ಬೇರೆ ಮಿರರ್. ಆದರೂ ಕಾರು ಮೂಲೆ ಹಿಡಿದುಕೊಂಡು ಹೋಯಿತು. ನೋಡುತ್ತಿದ್ದುದು ಅಂಚನ್ನು, ಗಾಜಿನ ಮೇಲಿನ ಗುರುತನ್ನಲ್ಲ.

ಎರಡು, ಬಾಯಿಬಿಟ್ಟು ಹೇಳಿಸುವುದು. ಕಾರು ಚಲಿಸುವಾಗ ಕಣ್ಣಿಗೆ ಕಾಣುವುದೆಲ್ಲ ಜೋರಾಗಿ ಹೇಳುತ್ತಾ ಹೋಗಬೇಕು. ಇಂಗ್ಲಿಷಿನಲ್ಲಿ ಹೇಳಲು ಹೋದಾಗ ನನಗೆ ಮಾತು ಹುಡುಕುವುದರಲ್ಲೇ ಗಮನ ಹೋಗುತ್ತಿತ್ತು. ಅವರಿಗೆ ಅದು ಗೊತ್ತಾಯಿತು. ನಿಮ್ಮ ಭಾಷೆಯಲ್ಲೇ ಹೇಳಿ ಎಂದರು. ನಿಮಗೆ ಅರ್ಥವಾಗುವುದಿಲ್ಲವಲ್ಲ ಎಂದೆ. ಅರ್ಥವಾಗಬೇಕಿಲ್ಲ, ನಿಮ್ಮ ತಲೆ ಯಾವಾಗ ತಿರುಗುತ್ತದೆ, ಮಾತು ಯಾವಾಗ ಬರುತ್ತದೆ ಎಂದು ನನಗೆ ಕಾಣುತ್ತದೆ, ಎರಡೂ ಒಟ್ಟಿಗೆ ಬರದಿದ್ದರೆ ನೀವು ನೋಡಿಲ್ಲ ಎಂದು ಗೊತ್ತಾಗುತ್ತದೆ ಎಂದರು. ಹಾಗೆ ಲೂಕನ್‌ನ ಬೀದಿಗಳಲ್ಲಿ ನಾನು ಜೋರಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಿಂದೆ ಯಾರೂ ಇಲ್ಲ. ಬಲಕ್ಕೆ ಬಿಳಿ ಕಾರು, ನಿಂತಿದೆ. ಅಜ್ಜಿ ಬರುತ್ತಿದ್ದಾರೆ, ದಾಟುತ್ತಾರೆ ಅನ್ಸುತ್ತೆ, ನಿಲ್ಲಿಸ್ತೀನಿ. ಇದು ನನಗೆ ತುಂಬ ಸಹಾಯ ಮಾಡಿತು. ನೋಡಿದ ಹಾಗೆ ತಲೆ ತಿರುಗಿಸುವುದಕ್ಕೂ ನಿಜವಾಗಿ ನೋಡುವುದಕ್ಕೂ ಇರುವ ವ್ಯತ್ಯಾಸ ನನಗೇ ಕೇಳಿಸುತ್ತಿತ್ತು.

ನಿಲ್ಲುವುದರ ಬಗ್ಗೆ ಅವರು ತುಂಬ ಗಟ್ಟಿ. ರಿವರ್ಸ್ ಮಾಡುವವರಿಗೆ ರಸ್ತೆಯಲ್ಲಿ ಯಾವ ಹಕ್ಕೂ ಇಲ್ಲ, ಎಲ್ಲರೂ ನಿಮಗಿಂತ ಮುಂದೆ ಎಂದು ಪ್ರತಿ ಪಾಠದಲ್ಲೂ ಹೇಳುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ನಿಲ್ಲಿಸಿ, ಅವರು ಹೋಗುವವರೆಗೆ ಕಾಯಿರಿ. ನಡೆದು ಬರುವವರಿಗೆ ಕೈ ಬೀಸಿ ದಾಟಿ ಎನ್ನಬೇಡಿ, ಅವರು ನಿಮ್ಮ ಕೈ ನಂಬಿ ಹೆಜ್ಜೆ ಇಟ್ಟಾಗ ಇನ್ನೊಂದು ಕಾರು ಬರಬಹುದು. ಸುಮ್ನೆ ನಿಂತಿರಿ. ಮತ್ತೆ ಹೊರಡುವಾಗ ಮತ್ತೆ ಮೊದಲಿನಿಂದ ಸುತ್ತ ನೋಡಿ. ಒಂದು ಸಂಜೆ ಬಡಾವಣೆಯ ಮಕ್ಕಳು ಚೆಂಡಾಡುತ್ತಾ ಅಡ್ಡರಸ್ತೆಯ ಬಾಯಲ್ಲೇ ನಿಂತುಬಿಟ್ಟರು. ಪಾಠದ ಹೊತ್ತು ಹೋಗುತ್ತಿದೆ ಎಂದು ನನಗೆ ಚಡಪಡಿಕೆ. ಅವರು ಆರಾಮಾಗಿ ಕೂತಿದ್ದರು. ಮಕ್ಕಳು ಹೋದ ಮೇಲೆ, ಇವತ್ತಿನ ಒಳ್ಳೆಯ ರಿವರ್ಸ್ ಇದೇ ಎಂದರು.

ಇದಕ್ಕೆ ಟೆಸ್ಟ್‌ನಲ್ಲೂ ಕಾರಣ ಇದೆ. ರಿವರ್ಸ್‌ಗೆ ಟೆಸ್ಟರ್ ಹಾಳೆಯಲ್ಲಿ ಮೂರು ವಿಷಯ ಬೇರೆ ಬೇರೆಯಾಗಿ ಗುರುತು ಹಾಕುತ್ತಾರೆ. ಕಾರನ್ನು ಸರಿಯಾಗಿ ನಡೆಸಿದ್ದೀರಾ, ಸುತ್ತ ನೋಡಿದ್ದೀರಾ, ಬೇರೆಯವರಿಗೆ ದಾರಿ ಬಿಟ್ಟಿದ್ದೀರಾ. ಮೂರರಲ್ಲಿ ಎರಡು ಸ್ಟಿಯರಿಂಗ್‌ಗೆ ಸಂಬಂಧಪಟ್ಟಿದ್ದಲ್ಲ. ತಪ್ಪುಗಳಿಗೆ ಮೂರು ದರ್ಜೆ. ಗ್ರೇಡ್ 1 ಚಿಕ್ಕದು, ಫಲಿತಾಂಶಕ್ಕೆ ತೊಂದರೆ ಇಲ್ಲ. ಗ್ರೇಡ್ 2 ಒಟ್ಟು ಒಂಬತ್ತು ಆದರೆ ಫೇಲ್. ಒಂದೇ ವಿಷಯಕ್ಕೆ ನಾಲ್ಕು ಬಿದ್ದರೂ ಫೇಲ್. ಗ್ರೇಡ್ 3 ಅಪಾಯದ ತಪ್ಪು, ಒಂದೇ ಸಾಕು. ಸ್ಟಿಕ್ಕರ್ ನೋಡಿಕೊಂಡು ಕಾರನ್ನು ಅಚ್ಚುಕಟ್ಟಾಗಿ ಮೂಲೆಗೆ ಕೂರಿಸಿ, ಹಿಂದೆ ಬಂದ ಸೈಕಲ್ ನೋಡದೆ ಹೋದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ.

ನನ್ನ ಟೆಸ್ಟ್ ಟಾಲಾ ಸೆಂಟರ್‌ನಲ್ಲಿ ಆಯಿತು. ಶುಲ್ಕ 85 ಯೂರೋ. ಟೆಸ್ಟ್ ದಿನಕ್ಕೆ ಟೀಚರ್ ತಮ್ಮ ಕಾರನ್ನೇ ಕೊಟ್ಟರು. ಮುಂಚಿನ ಒಂದು ಗಂಟೆ ಪಾಠ ಸೇರಿ 150 ಯೂರೋ ತಗೊಂಡರು. ದುಬಾರಿಯೇ. ಆದರೆ ಬೇರೆ ಕಡೆ ವಿಚಾರಿಸಿದಾಗಲೂ ಹತ್ತಿರಹತ್ತಿರ ಅಷ್ಟೇ ಹೇಳಿದರು. ಎಡ ಅಡ್ಡರಸ್ತೆಗೆ ರಿವರ್ಸ್ ಮಾಡಿ ಎಂದು ಟೆಸ್ಟರ್ ಹೇಳಿದ ಮೂಲೆ ನಾನು ಹಿಂದೆಂದೂ ನೋಡದ ಮೂಲೆ. ನಡುವೆ ಒಂದು ವ್ಯಾನ್ ಬಂತು, ನಿಲ್ಲಿಸಿದೆ, ಅದು ಹೋಯಿತು, ಮುಗಿಸಿದೆ. ಫಲಿತಾಂಶದ ಹಾಳೆಯಲ್ಲಿ ರಿವರ್ಸ್ ಸಾಲಿನಲ್ಲಿ ಒಂದು ಗುರುತೂ ಇರಲಿಲ್ಲ. ಪಾಸಾದೆ. ಈಗ ಕಾರಿಗೆ ಎರಡು ವರ್ಷದ ಎನ್ ಬೋರ್ಡ್, ಅಂದರೆ ಹೊಸದಾಗಿ ಪಾಸಾದವರು ಹಾಕುವ ಬೋರ್ಡ್, ಇದೆ.

ಟೆಸ್ಟ್ ದಿನಾಂಕಕ್ಕೆ ಕಾಯುವುದು ಇಲ್ಲಿ ದೊಡ್ಡ ತಲೆನೋವು. ಹತ್ತು ವಾರದೊಳಗೆ ಕೊಡಬೇಕು ಎಂಬುದು ಗುರಿ, ಎಷ್ಟೋ ಜನರಿಗೆ ಅದಕ್ಕಿಂತ ತುಂಬ ತಡವಾಗಿದೆ. ಕಾಯುವಾಗ ಟೀಚರ್ ಒಂದು ಕಥೆ ಹೇಳಿದರು. ಇಲ್ಲಿ ಡ್ರೈವಿಂಗ್ ಟೆಸ್ಟ್ ಬಂದಿದ್ದೇ 1964ರಲ್ಲಿ. 1979ರಲ್ಲಿ ಕಾಯುವವರ ಸಾಲು ಎಷ್ಟು ಬೆಳೆಯಿತೆಂದರೆ, ಎರಡನೆಯ ತಾತ್ಕಾಲಿಕ ಲೈಸೆನ್ಸ್ (ಈಗಿನ ಲರ್ನರ್ ಪರ್ಮಿಟ್‌ನಂಥದ್ದು) ಇದ್ದವರಿಗೆ ಸರಕಾರ ಟೆಸ್ಟ್ ಇಲ್ಲದೆಯೇ ಪೂರ್ತಿ ಲೈಸೆನ್ಸ್ ಕೊಟ್ಟುಬಿಟ್ಟಿತು. ಅವರ ಅಪ್ಪನಿಗೂ ಹಾಗೆಯೇ ಸಿಕ್ಕಿತಂತೆ. ಅಪ್ಪ ಕೊನೆಯವರೆಗೂ ರಿವರ್ಸ್ ಮಾಡಲು ಹೆದರುತ್ತಿದ್ದರು, ಅಂಗಡಿಗೆ ಹೋದರೆ ಹಿಂದಕ್ಕೆ ತೆಗೆಯುವುದು ಬೇಡವೆಂದು ಕಾರನ್ನು ದೂರ ನಿಲ್ಲಿಸಿ ನಡೆಯುತ್ತಿದ್ದರು ಎಂದರು. ಹೊರಗೆ ನಿಲ್ಲಿಸಿ ಚಕ್ರ ತೋರಿಸುವ ಪಾಠ ಅವರು ಮೊದಲು ಮಾಡಿದ್ದು ಅಪ್ಪನಿಗಾಗಿಯೇ.

ಇನ್ನು ಕೊರತೆಗಳು. ಅವರ ಹತ್ತಿರ ಗೇರ್ ಕಾರು ಮಾತ್ರ ಇದೆ. ಆಟೋಮ್ಯಾಟಿಕ್ ಬೇಕಾದವರು ಬೇರೆಯವರನ್ನು ನೋಡಬೇಕು. ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಮೇಲೆ 78 ಎಂಬ ಕೋಡ್ ಬೀಳುತ್ತದೆ, ಆಮೇಲೆ ಗೇರ್ ಕಾರು ಓಡಿಸುವಂತಿಲ್ಲ, ಇದನ್ನು ಯೋಚಿಸಿಕೊಂಡು ನಿರ್ಧರಿಸಿ. ಶನಿವಾರ ಭಾನುವಾರ ಪಾಠ ಇಲ್ಲ. ಪಾಳಿಯಲ್ಲಿ ದುಡಿಯುವ ನನಗೆ ವಾರದ ನಡುವೆ ರಜೆ ಸಿಗುತ್ತದೆ, ಆಫೀಸಿನವರಿಗೆ ಕಷ್ಟ. ಮಾತು ತುಂಬ ವೇಗ, ಡಬ್ಲಿನ್ ಉಚ್ಚಾರಣೆ. ಮೊದಲ ಒಂದೆರಡು ಪಾಠದಲ್ಲಿ ಮತ್ತೊಮ್ಮೆ ಹೇಳಿ ಎಂದು ಕೇಳಬೇಕಾಗುತ್ತದೆ, ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಪಾಠ ರದ್ದು ಮಾಡಬೇಕಾದರೆ 48 ಗಂಟೆ ಮೊದಲು ಹೇಳಬೇಕು, ಇಲ್ಲದಿದ್ದರೆ ಪೂರ್ತಿ ದುಡ್ಡು. ನಮ್ಮ ಪಾಳಿ ಕೊನೆ ಗಳಿಗೆಯಲ್ಲಿ ಬದಲಾಗುವುದುಂಟು, ಈ ನಿಯಮ ಸ್ವಲ್ಪ ಸಡಿಲ ಇದ್ದಿದ್ದರೆ ಚೆನ್ನಾಗಿತ್ತು. ದುಡ್ಡು ನಗದು ಅಥವಾ ರೆವಲೂಟ್ ಎಂಬ ಫೋನ್ ಆ್ಯಪ್‌ನಲ್ಲಿ.

ನೀವು ಬೇರೆಯವರನ್ನು ಹುಡುಕುವುದಾದರೆ ಮೊದಲು ಅವರು ಎಡಿಐ, ಅಂದರೆ ರಸ್ತೆ ಸುರಕ್ಷತಾ ಪ್ರಾಧಿಕಾರದ ಒಪ್ಪಿಗೆ ಇರುವ ಬೋಧಕರಾ ನೋಡಿ. ಇಲ್ಲದಿದ್ದರೆ ಇಡಿಟಿ ಪಾಠ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಕಾರ್ನರ್ ರಿವರ್ಸ್ ಯಾವ್ಯಾವ ಬೀದಿಯಲ್ಲಿ ಮಾಡಿಸುತ್ತೀರಿ? ನಮ್ಮ ಮನೆ ಕಾರಿನಲ್ಲಿ ಒಂದು ಪಾಠ ಕೊಡುತ್ತೀರಾ? ದುಡ್ಡು ಪಾಠಕ್ಕೊಮ್ಮೆ ಕೊಡಬಹುದಾ? ಮೊದಲ ಪ್ರಶ್ನೆಗೆ ಒಂದೇ ಬೀದಿಯ ಹೆಸರು ಬಂದರೆ ಮುಂದಿನ ನಂಬರ್‌ಗೆ ಫೋನ್ ಮಾಡಿ.